ಎರಡು ಸೀಟಿಗೆ ಹಾಸಿದ ಟವೆಲ್ಲು

ಶಿವಮೊಗ್ಗದ ವಿಮಾನ ನಿಲ್ದಾಣದ ಹೊರಗಿನ ಬೆಂಚಿನ ಮೇಲೆ ಯಾರೋ ಒಂದು ಕೆಂಪು ಚೌಕುಳಿಯ ಟವೆಲ್ಲು ಹಾಸಿಟ್ಟು ಹೋಗಿದ್ದರು. ಸ್ವಲ್ಪ ಹೊತ್ತಿಗೆ ಹಿರಿಯರೊಬ್ಬರು ಹೆಂಡತಿಯ ಕೈ ಹಿಡಿದುಕೊಂಡು ನಿಧಾನವಾಗಿ ಬಂದರು. ಟವೆಲ್ಲನ್ನು ಎತ್ತಿ ಕೊಡವಿ ಹೆಗಲಿಗೆ ಹಾಕಿಕೊಂಡರು. ಇಬ್ಬರೂ ಕೂತರು. ವಿಮಾನ ಹತ್ತಲು ಬಂದವರೂ ಟವೆಲ್ಲು ಹಾಕಿ ಜಾಗ ಹಿಡಿಯುತ್ತಾರಲ್ಲ ಎಂದು ನನಗೆ ನಗು ಬಂತು. ನಗು ಮುಗಿಯುವ ಮೊದಲೇ ಇನ್ನೊಂದು ಟವೆಲ್ಲು ನೆನಪಾಯಿತು.

ನನ್ನ ತಂಗಿ ಹೈದರಾಬಾದಿನಲ್ಲಿದ್ದಾಳೆ. ಎರಡು ದಿನದ ಹಿಂದೆ ಮೆಟ್ಟಿಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ರೈಲಿನಲ್ಲಿ ಹೋದರೆ ಆಪರೇಷನ್ ಮುಗಿದ ಮೇಲೆ ಮುಟ್ಟುತ್ತಿದ್ದೆ. ಪಕ್ಕದ ಮನೆಯ ಹುಡುಗಿ ಕಾಮರ್ಸ್ ಓದುತ್ತಾಳೆ, ಅವಳೇ ತನ್ನ ಫೋನಿನಲ್ಲಿ ನನಗೆ ವಿಮಾನದ ಟಿಕೆಟ್ ಮಾಡಿಕೊಟ್ಟಳು. ಎರಡೇ ಸೀಟು ಉಳಿದಿವೆ ಎಂದು ಫೋನಿನಲ್ಲಿ ಕೆಂಪಕ್ಷರದಲ್ಲಿ ಬರುತ್ತಿತ್ತು. ದರವನ್ನು ಅವಳಿಂದ ಎರಡು ಸಲ ಓದಿಸಿದೆ.

"ಎರಡು ತಿಂಗಳ ಮುಂಚೆ ತೆಗೆದಿದ್ರೆ ಇದರ ಮೂರನೇ ಒಂದು ಭಾಗಕ್ಕೆ ಸಿಗ್ತಿತ್ತು ಆಂಟಿ," ಎಂದಳು.

"ನನ್ನ ತಂಗಿ ಬೀಳ್ತಾಳೆ ಅಂತ ಎರಡು ತಿಂಗಳ ಮುಂಚೆ ನಂಗೆ ಹೆಂಗೆ ಗೊತ್ತಾಗ್ಬೇಕಿತ್ತೆ?"

ಅವಳು ನಕ್ಕಳು. "ಅದಕ್ಕೇ ಆಂಟಿ ರೇಟು ಜಾಸ್ತಿ. ಕೊನೇ ಗಳಿಗೇಲಿ ಬರೋರಿಗೆ ಬೇರೆ ದಾರಿ ಇರಲ್ಲ. ಅದು ಅವ್ರಿಗೂ ಗೊತ್ತು."

ಕೊನೇ ಗಳಿಗೆಯಲ್ಲಿ ಬರುವವರಿಗೆ ಬೇರೆ ದಾರಿ ಇರುವುದಿಲ್ಲ... ಇದೇ ಮಾತನ್ನು ನಾನು ನಲವತ್ತು ವರ್ಷಕ್ಕೂ ಹಿಂದೆ ಹೊಸನಗರದ ಬಸ್ ಸ್ಟ್ಯಾಂಡಿನಲ್ಲಿ ಕೇಳಿದ್ದೆ. ಹೇಳಿದವರು ಬಸ್ಸಿನ ಏಜೆಂಟರು. ಅವರು ಓದಿದ್ದು ನಾಲ್ಕನೇ ಕ್ಲಾಸು. ಮಾತು ಅದೇ ಆದರೂ ಅದನ್ನು ಹಿಡಿದುಕೊಂಡು ಅವರು ಹೋದ ದಾರಿ ಬೇರೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಶಾಲೆ ಮಾಸ್ತರಾಗಿದ್ದ ಅಪ್ಪ ತೀರಿಕೊಂಡ ಮೇಲೆ, ಅನುಕಂಪದ ಆಧಾರದಲ್ಲಿ ನನಗೆ ತೀರ್ಥಹಳ್ಳಿಯ ಒಂದು ಕಚೇರಿಯಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತ್ತು. ಅಮ್ಮ ಹೊಸನಗರ ಬಿಟ್ಟು ಬರಲು ಸುತಾರಾಂ ಒಪ್ಪಲಿಲ್ಲ. ತಂಗಿ ಇನ್ನೂ ಹೈಸ್ಕೂಲಿನಲ್ಲಿದ್ದಳು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲೇ ನಮ್ಮ ಬಾಡಿಗೆ ಮನೆ ಇದ್ದದ್ದರಿಂದ, ದಿನಾ ಓಡಾಡಿದರಾಯಿತು ಎಂದು ನಾನೇ ತೀರ್ಮಾನಿಸಿದೆ. ಬೆಳಿಗ್ಗೆ ಏಳೂಕಾಲಕ್ಕೆ ಒಂದು ನೀಲಿ ಬಸ್ಸು ತೀರ್ಥಹಳ್ಳಿಗೆ ಹೊರಡುತ್ತಿತ್ತು. ರಾತ್ರಿ ನಮ್ಮೂರಲ್ಲೇ ಹಾಲ್ಟು ಮಾಡುತ್ತಿದ್ದ ಬಸ್ಸಾದ್ದರಿಂದ ಎಲ್ಲರೂ ಅದನ್ನು 'ನಮ್ಮ ಬಸ್ಸು' ಎನ್ನುತ್ತಿದ್ದರು. ಅದು ತಪ್ಪಿದರೆ ಮುಂದಿನದು ಹನ್ನೊಂದಕ್ಕೆ.

ಆ ಬಸ್ಸಿನ ಏಜೆಂಟರು ಅವರು. ನಲವತ್ತೈದರ ಆಸುಪಾಸಿನ ಸಣಕಲು ಆಳು. ಮೊಣಕಾಲವರೆಗೆ ಎತ್ತಿ ಕಟ್ಟಿದ ಪಂಚೆ, ಮೇಲೊಂದು ಖಾಕಿ ಅಂಗಿ, ಕತ್ತಿನಲ್ಲಿ ದಾರ ಕಟ್ಟಿದ ಸೀಟಿ, ಬಾಯಲ್ಲಿ ಎಲೆಯಡಿಕೆ, ಹೆಗಲ ಮೇಲೆ ಕೆಂಪು ಚೌಕುಳಿಯ ಟವೆಲ್ಲು. "ತೀರ್ಥಳ್ಳಿ, ತೀರ್ಥಳ್ಳಿ, ತೀರ್ಥಳ್ಳೀ..." ಎಂದು ಅವರು ಕೂಗಿದರೆ ನಮ್ಮ ಅಡುಗೆ ಮನೆಗೆ ಕೇಳುತ್ತಿತ್ತು. ಅಮ್ಮ ಅದೇ ಕೂಗಿಗೆ ನನ್ನ ಡಬ್ಬಿಯ ಮುಚ್ಚಳ ಹಾಕುತ್ತಿದ್ದಳು. ಯಾರನ್ನು ಎಲ್ಲಿ ಕೂರಿಸಬೇಕು, ಯಾರ ಮೂಟೆ ಮೇಲಕ್ಕೆ, ಯಾವ ಹೆಂಗಸಿಗೆ ವಾಂತಿಯಾಗುತ್ತದೆ, ಆದ್ದರಿಂದ ಯಾವ ಕಿಟಕಿ, ಇದೆಲ್ಲ ಅವರಿಗೆ ಬಾಯಿಪಾಠ.

ಸೀಟಿನ ವ್ಯಾಪಾರದಲ್ಲಿ ಅವರದ್ದೊಂದು ಸಿದ್ಧಾಂತವಿತ್ತು. "ಸೀಟು ಅಂದ್ರೆ ಹಾಲಿದ್ದಂಗೆ," ಎನ್ನುತ್ತಿದ್ದರು. "ಬೆಳಿಗ್ಗೆ ಹೋಗ್ಲಿಲ್ವಾ, ಸಂಜೆಗೆ ಒಡೀತು. ಬಸ್ಸು ಹೊಂಟ್ಮೇಲೆ ಖಾಲಿ ಸೀಟಿಗೆ ಯಾವ ರಾಜ ಬಂದು ಬೆಲೆ ಕೊಡ್ತಾನೆ?" ಅದಕ್ಕೆ ಹೊರಡುವ ಹೊತ್ತಿಗೆ ನಾಲ್ಕಾರು ಸೀಟು ಉಳಿದಿದ್ದರೆ, ಬುಟ್ಟಿ ಮಾರುವವರು, ಸಂತೆಗೆ ಹೋಗುವ ಮುದುಕಿಯರು, ಇಂಥವರನ್ನು ಕರೆದು ಮುಕ್ಕಾಲು ದರಕ್ಕೋ ಅರ್ಧ ದರಕ್ಕೋ ಹತ್ತಿಸುತ್ತಿದ್ದರು. ಜನ ಏನು ಕಡಿಮೆಯೇ? ಇದನ್ನು ಕಂಡುಕೊಂಡ ಕೆಲವರು ಪೂರ್ತಿ ದರ ಕೊಡಲು ಗತಿಯಿದ್ದೂ ಸೀಟಿ ಊದುವವರೆಗೆ ಚಹಾದಂಗಡಿಯ ತಟ್ಟಿಯ ಹಿಂದೆ ಅವಿತು ನಿಲ್ಲುತ್ತಿದ್ದರು. ತಟ್ಟಿಯ ಕೆಳಗೆ ಅವರ ಕಾಲು ಕಾಣುತ್ತಿತ್ತು. ಏಜೆಂಟರು ಆ ಕಾಲುಗಳನ್ನು ನೋಡಿಕೊಂಡೇ ಹತ್ತು ನಿಮಿಷ ಮೊದಲು ಸುಳ್ಳು ಸೀಟಿ ಊದುತ್ತಿದ್ದರು. ಕಾಲುಗಳು ಓಡಿ ಬರುತ್ತಿದ್ದವು. "ಬನ್ನಿ ಗೌಡ್ರೇ, ಟೈಮಿದೆ, ನಿಮಗೆ ಫುಲ್ ಟಿಕೇಟು," ಎಂದು ಕೈ ಹಿಡಿದು ಹತ್ತಿಸುತ್ತಿದ್ದರು. ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು.

ಇಷ್ಟು ಲೆಕ್ಕಾಚಾರದ ಮನುಷ್ಯ ಪ್ರತಿದಿನ ಎರಡು ಸೀಟುಗಳನ್ನು ಮಾತ್ರ ಯಾರಿಗೂ ಕೊಡುತ್ತಿರಲಿಲ್ಲ. ಡ್ರೈವರ್ ಹಿಂದಿನ ಮೂರನೇ ಸಾಲಿನ ಎರಡು ಸೀಟು. ಬಸ್ಸಿನ ಬಾಗಿಲು ತೆಗೆದ ಕೂಡಲೇ ಅವರು ಮಾಡುತ್ತಿದ್ದ ಮೊದಲ ಕೆಲಸ ಹೆಗಲ ಟವೆಲ್ಲನ್ನು ಆ ಎರಡು ಸೀಟಿನ ಮೇಲೆ ಉದ್ದಕ್ಕೆ ಹಾಸುವುದು. ಬಸ್ಸು ತುಂಬಿ ಜನ ನಿಂತರೂ ತೆಗೆಯುತ್ತಿರಲಿಲ್ಲ. ತಾವೂ ಹತ್ತಿ, ಊರಾಚೆ ಒಂದು ಮೈಲಿ ದೂರದಲ್ಲಿ ನಿಟ್ಟೂರಿನ ದಾರಿ ಕೂಡುವ ಕಡೆಯ ಕೈಮರದವರೆಗೆ ಬಾಗಿಲಲ್ಲಿ ನೇತಾಡಿಕೊಂಡು ಬರುತ್ತಿದ್ದರು. ನಿಟ್ಟೂರಿನ ಕಡೆಯಿಂದ ಗಾಡಿಯಲ್ಲೋ ಲಾರಿಯಲ್ಲೋ ಬಂದವರು ಆ ಕೈಮರದ ಬುಡದಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಅಲ್ಲಿ ಯಾರಾದರೂ ಕಾಯಿಲೆಯವರಿದ್ದರೆ ಆ ಎರಡು ಸೀಟು ಅವರದ್ದು. ಯಾರೂ ಇಲ್ಲದಿದ್ದರೆ ಟವೆಲ್ಲು ತೆಗೆದು, ನಿಂತವರಲ್ಲಿ ವಯಸ್ಸಾದವರನ್ನು ಕೂರಿಸಿ, ತಾವು ಇಳಿದು ನಡೆದುಕೊಂಡು ವಾಪಸು ಹೋಗುತ್ತಿದ್ದರು.

ನನಗೆ ಇದು ಮೊದಲಿಂದಲೂ ಸಿಟ್ಟು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಕೊಡೆ ಹಿಡಿದು, ಕಣ್ಣೆದುರು ಖಾಲಿ ಸೀಟು ನೋಡುತ್ತ ಒಂದು ಮೈಲಿ ಓಲಾಡಿಕೊಂಡು ಹೋಗುವುದೆಂದರೆ ಹಸಿದವರ ಮುಂದೆ ಎಲೆ ಹಾಕಿ ಬಡಿಸದೆ ಬಿಟ್ಟ ಹಾಗೆ. ಒಂದು ದಿನ ತಡೆಯದೆ ಟವೆಲ್ಲು ಸರಿಸಿ ಕೂತೇಬಿಟ್ಟೆ.

ಏಜೆಂಟರು ಜನರ ನಡುವೆ ತೂರಿಕೊಂಡು ಬಂದರು. ಬೈಯಲಿಲ್ಲ.

"ಏಳಿ ತಂಗಿ. ಅದು ಬೇರೇರ ಸೀಟು."

"ಯಾರದ್ದು? ತೋರಿಸಿ ನೋಡುವ."

"ಅವ್ರು ಇನ್ನೂ ಬಂದಿಲ್ಲ."

ಬಸ್ಸಿಗೆ ಬಸ್ಸೇ ನಕ್ಕಿತು. ನನಗೆ ಮುಖ ಕೆಂಪಾಯಿತು, ಎದ್ದೆ. ಆವತ್ತು ಕೈಮರದಲ್ಲಿ ಯಾರೂ ಇರಲಿಲ್ಲ. "ಈಗ ಕೂತ್ಕಳಿ," ಎಂದು ಟವೆಲ್ಲು ತೆಗೆದು ಅವರು ಇಳಿದುಹೋದರು. ತೀರ್ಥಹಳ್ಳಿಯವರೆಗೂ ನಾನು ಹಟಕ್ಕೆ ನಿಂತೇ ಹೋದೆ. ಯಾರಿಗೆ ನಷ್ಟ? ನನ್ನ ಕಾಲಿಗೇ.

ಯಾಕೆ ಹೀಗೆ ಮಾಡುತ್ತಾರೆಂದು ಅವರು ಹೇಳಿದ್ದು ಒಂದೇ ಸಲ. ಬಸ್ಸು ಕೆಟ್ಟು ನಿಂತಿದ್ದ ಒಂದು ಬೆಳಿಗ್ಗೆ, ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಾಗ ನಾನೇ ಕೆದಕಿ ಕೇಳಿದ್ದೆ. ಅವರು ಏಜೆಂಟರಾದ ಹೊಸತರಲ್ಲಿ ಒಂದು ದಿನ ವರದಹಳ್ಳಿಗೆ ಹೋಗಿ ಬಂದ ಯಾತ್ರಾರ್ಥಿಗಳ ದೊಡ್ಡ ಗುಂಪು ಬಸ್ಸು ಹತ್ತಿತ್ತಂತೆ. ಒಂದು ಸೀಟೂ ಉಳಿಯದಂತೆ ಬಸ್ಸು ತುಂಬಿಸಿದ್ದೇನೆಂದು ಇವರಿಗೆ ಭಾರೀ ಹೆಮ್ಮೆ. ಸೀಟಿ ಊದುವ ಹೊತ್ತಿಗೆ ನಿಟ್ಟೂರಿನ ಕಡೆಯ ಒಬ್ಬ, ನಿಲ್ಲಲಾರದ ಹೆಂಡತಿಯನ್ನು ಹೆಗಲಿಗೆ ಆನಿಸಿಕೊಂಡು ಬಂದ.

"ಜಾಗ ಇಲ್ಲ, ಮುಂದಿನ ಬಸ್ಸಿಗೆ ಬಾ ಅಂದೆ," ಎಂದರು. "ಹನ್ನೊಂದರ ಬಸ್ಸಿಗೆ ನಾನೇ ಕಾದೆ ತಂಗಿ. ಅವ ಬರ್ಲಿಲ್ಲ. ಅಷ್ಟೊತ್ತಿಗೆ ಅವಳು..."

ಎಲೆಯಡಿಕೆ ಉಗುಳಿ ಬಂದರು. ಆಮೇಲೆ ಹೇಳಿದರು: "ಕೊನೇ ಗಳಿಗೇಲಿ ಓಡಿ ಬರೋರಿಗೆ ಬೇರೆ ದಾರಿ ಇರಲ್ಲ. ಅಂಥವ್ರ ಹತ್ರ ಚೌಕಾಸಿ ಮಾಡಬಾರ್ದು. ಎರಡು ಸೀಟು ಯಾಕೆ ಅಂದ್ರೆ, ಕಾಯಿಲೆಯವ್ರನ್ನ ಒಬ್ರೇ ಕಳಿಸೋಕಾಗಲ್ಲ ನೋಡಿ."

ನನಗೆ ಅಯ್ಯೋ ಅನ್ನಿಸಿತು, ನಿಜ. ಆದರೆ ಇಪ್ಪತ್ತೆರಡು ವರ್ಷದ ಹುಡುಗಿಯ ಅಯ್ಯೋ ಎಷ್ಟು ಹೊತ್ತು ಬಾಳೀತು? ಮಾರನೇ ವಾರಕ್ಕೆ ಮತ್ತೆ ಕಾಲು ನೋಯಲು ಶುರುವಾಯಿತು.

ಎಂಬತ್ತರ ದಶಕ ಶುರುವಾಗುತ್ತಿದ್ದ ಹಾಗೆ ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಒಂದು ಹೊಸ ಬಸ್ಸು ಬಂತು. ಸ್ಪಂಜಿನ ಸೀಟು, ಬಣ್ಣ ಬಣ್ಣದ ಕುಚ್ಚು, ಎಲ್ಲಕ್ಕಿಂತ ಮಿಗಿಲಾಗಿ ಟೇಪ್‌ರೆಕಾರ್ಡರು. ಬಸ್ಸು ಬರುವ ಮೊದಲೇ ಅದರ ಹಾಡು ಊರಿಗೆ ಬರುತ್ತಿತ್ತು. ಎರಡು ಬಸ್ಸಿನೊಳಗೂ ಸರ್ಕಾರ ಗೊತ್ತುಮಾಡಿದ ದರದ ಬೋರ್ಡಿತ್ತು. ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಕಡಿಮೆ ತೆಗೆದುಕೊಂಡರೆ ಕೇಳುವವರು ಯಾರು? ಹೊಸ ಬಸ್ಸಿನ ಕಂಡಕ್ಟರ್ ದಿನಾ ಓಡಾಡುವ ನಮಗೆ ಮೊದಲು ಎಂಟಾಣೆ ಕಡಿಮೆ ಮಾಡಿದ. ತಿಂಗಳು ಕಳೆಯುತ್ತಲೇ ಒಂದು ರೂಪಾಯಿ ಕಡಿಮೆ ಮಾಡಿದ.

ಇಷ್ಟು ಅಗ್ಗಕ್ಕೆ ಅವರಿಗೆ ಹೇಗೆ ಪೂರೈಸುತ್ತದೆಂದು ಏಜೆಂಟರನ್ನೇ ಕೇಳಿದೆ. ಎಂಥ ಗಟ್ಟಿ ಮುಖ ನನ್ನದು! ಅವರು ಬೇಸರವಿಲ್ಲದೆ ಬಿಡಿಸಿ ಹೇಳಿದರು. "ಅದು ಸಾಗರದಲ್ಲೇ ಮುಕ್ಕಾಲು ತುಂಬಿರ್ತದೆ. ಇಲ್ಲಿಗೆ ಬರೋ ಹೊತ್ತಿಗೆ ಡೀಸೆಲ್ಲು, ಡ್ರೈವರು, ಎಲ್ಲದಕ್ಕೂ ದುಡ್ಡು ಹುಟ್ಟಿ ಆಗಿರ್ತದೆ. ಇಲ್ಲಿ ಹತ್ತೋರು ಎಷ್ಟು ಕೊಟ್ರೂ ಲಾಭವೇ. ನಮ್ಮದು ಇಲ್ಲೇ ಹುಟ್ಟೋ ಬಸ್ಸು, ನಾವು ಹಂಗೆ ಬಿಡಕ್ಕಾಗಲ್ಲ." ಆಮೇಲೆ, "ಯಾವಾಗ್ಲೂ ಅಗ್ಗ ಇರಲ್ಲ ತಂಗಿ. ನಾವು ಇರೋ ತನಕ ಅಷ್ಟೇ," ಎಂದರು. ಹೊಟ್ಟೆಕಿಚ್ಚಿನ ಮಾತು ಎಂದುಕೊಂಡೆ.

ಹೊಸ ಬಸ್ಸಿನದ್ದು ಒಂದೇ ತೊಂದರೆ. ಅದು ನಮ್ಮೂರು ಬಿಡುತ್ತಿದ್ದದ್ದು ಏಳೂವರೆಗೆ, ನಮ್ಮ ಬಸ್ಸಿನ ಹಿಂದೆ. ಅದರಲ್ಲಿ ಹೋದರೆ ಕಚೇರಿಗೆ ತಡವಾಗುತ್ತಿತ್ತು. ದಿನಾ ಓಡಾಡುವವರು ಹತ್ತು ಹನ್ನೆರಡು ಜನ ಸೇರಿ, ಹೊಸ ಬಸ್ಸಿಗೆ ಏಳು ಗಂಟೆಯ ಸಮಯ ಕೊಡಬೇಕೆಂದು ಆರ್‌ಟಿಒಗೆ ಅರ್ಜಿ ಬರೆಯುವುದು ಎಂದು ಮಾತಾಯಿತು. ಅರ್ಜಿ ಟೈಪು ಮಾಡಿದವಳು ನಾನು. ಹಳೆಯ ಬಸ್ಸಿನಲ್ಲಿ ಪ್ರಯಾಣಿಕರು ನಿಂತಿರುವಾಗಲೂ ಎರಡು ಆಸನಗಳನ್ನು ಅನಗತ್ಯವಾಗಿ ಖಾಲಿ ಇರಿಸಲಾಗುತ್ತಿದೆ ಎಂಬ ವಾಕ್ಯವೂ ಅದರಲ್ಲಿತ್ತು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನದೇ ಸ್ವಂತ ಸೇರ್ಪಡೆ. ಮೂರು ಪ್ರತಿ ತೆಗೆದು ಮೊದಲ ಸಹಿ ನಾನೇ ಹಾಕಿದೆ.

ಸಮಯ ಸಿಕ್ಕಿತು. ಸ್ಪಂಜಿನ ಸೀಟಿನಲ್ಲಿ ಹಾಡು ಕೇಳುತ್ತ ನಾವು ಏಳಕ್ಕೆ ಹೊರಟರೆ, ನಮ್ಮ ಬಸ್ಸು ಹತ್ತು ಹದಿನೈದು ಜನರನ್ನು ಹಾಕಿಕೊಂಡು ಹಿಂದೆ ಬರುತ್ತಿತ್ತು. ಏಜೆಂಟರ ಕೂಗು ಈಗಲೂ ಕೇಳುತ್ತಿತ್ತು, ಮೊದಲಿಗಿಂತ ಜೋರಾಗಿಯೇ. ಆದರೆ ನಾನು ಅಷ್ಟರಲ್ಲಿ ಸ್ಟ್ಯಾಂಡಿನ ಇನ್ನೊಂದು ಕೊನೆಯಲ್ಲಿ ನಿಂತಿರುತ್ತಿದ್ದೆ. ಅವರು ನನ್ನ ಕಡೆ ನೋಡಿದರೆ ನಾನು ಹಾಡು ಕೇಳುವವಳ ಹಾಗೆ ತಲೆ ಆಡಿಸುತ್ತಿದ್ದೆ. ಎಂಟು ತಿಂಗಳೋ ಒಂಬತ್ತು ತಿಂಗಳೋ ಹೀಗೆ ನಡೆಯಿತು. ಒಂದು ದಿನ ನೀಲಿ ಬಸ್ಸು ಹೊರಡಲಿಲ್ಲ. ಮಾಲೀಕರು ಅದನ್ನು ಮಾರಿದರಂತೆ.

ಮುಂದಿನ ತಿಂಗಳು ಕಂಡಕ್ಟರ್ ನನ್ನಿಂದ ಬೋರ್ಡಿನ ದರ ಪೂರ್ತಿ ತೆಗೆದುಕೊಂಡ. "ಬೋರ್ಡು ನೋಡಿ ಮೇಡಂ, ಒಂದು ಪೈಸೆ ಜಾಸ್ತಿ ಕೇಳಿದ್ರೆ ಹೇಳಿ," ಎಂದ. ಅವನು ಹೇಳಿದ್ದು ನ್ಯಾಯವೇ. ಹಾಡು ಮಾತ್ರ ಮೊದಲಿನಂತೆ ಬಿಟ್ಟಿಯಾಗಿತ್ತು.

ಬಸ್ಸಿಲ್ಲದ ಏಜೆಂಟರು ಸ್ಟ್ಯಾಂಡಿನಲ್ಲೇ ಮೂಟೆ ಹತ್ತಿಸಿ ಇಳಿಸಿಕೊಂಡು ಇದ್ದರು. ಆದರೆ ಹೊಸ ಬಸ್ಸು ಬಂದು ನಿಂತು, ಹೊಸನಗರದಲ್ಲಿ ಇಳಿಯುವವರು ಇಳಿಯುತ್ತಿದ್ದ ಹಾಗೆ ಅವರು ಎಲ್ಲರಿಗಿಂತ ಮೊದಲು ಹತ್ತಿಬಿಡುತ್ತಿದ್ದರು. ಮೂರನೇ ಸಾಲಿನಲ್ಲೋ ನಾಲ್ಕನೇ ಸಾಲಿನಲ್ಲೋ ಎಲ್ಲಿ ಸಿಕ್ಕರೆ ಅಲ್ಲಿ ತಾವು ಕೂತು, ಪಕ್ಕದ ಸೀಟಿಗೆ ಟವೆಲ್ಲು ಹಾಸುತ್ತಿದ್ದರು. ಕಂಡಕ್ಟರ್ ಮೊದಲ ದಿನ ಜಗಳಕ್ಕೇ ಬಂದ. ಇವರು ಜೇಬಿಂದ ಚಿಲ್ಲರೆ ತೆಗೆದು, "ಕೈಮರಕ್ಕೆ ಎರಡು ಟಿಕೇಟು ಕೊಡಿ," ಎಂದರು. ಎರಡು ಟಿಕೆಟ್ ತೆಗೆದುಕೊಂಡವರನ್ನು ಒಂದೇ ಸೀಟಿನಲ್ಲಿ ಕೂರಿ ಎನ್ನಲು ಯಾವ ಕಾನೂನಿದೆ? ಕೈಮರ ಬಂದ ಕೂಡಲೇ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಯಾರಾದರೂ ಇದ್ದರೆ ಕೂರಿಸುತ್ತಿದ್ದರು. ಇಲ್ಲದಿದ್ದರೆ ಟವೆಲ್ಲು ಹೆಗಲಿಗೆ ಹಾಕಿ ಇಳಿದು ಊರಿನ ಕಡೆ ನಡೆಯುತ್ತಿದ್ದರು.

ಬಸ್ಸಿನವರಿಗೆ ಇದು ದಿನದ ಮನರಂಜನೆಯಾಯಿತು. "ಏಜೆಂಟ್ರೇ, ಇವತ್ತಾದ್ರೂ ತೀರ್ಥಳ್ಳಿ ಮುಟ್ತೀರಾ ಹೆಂಗೆ?" ಎಂದು ಕಂಡಕ್ಟರ್ ಕೇಳಿದರೆ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಏಜೆಂಟರು ಕೂಡ ನಗುತ್ತಿದ್ದರು ಅನ್ನುವುದೊಂದೇ ಈಗ ನನಗೆ ಸಮಾಧಾನ... ಆದರೆ ಅದು ನಗುವೇ ಆಗಿತ್ತೆಂದು ಹೇಗೆ ಹೇಳಲಿ?

ಆ ಸೋಮವಾರ ಬೆಳಗಿನ ಜಾವ ಅಮ್ಮನಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು, ತುಟಿ ಬಿಳಚಿಕೊಂಡಿತ್ತು. ಪಕ್ಕದ ಬೀದಿಯ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, ತಡಮಾಡದೆ ತೀರ್ಥಹಳ್ಳಿಯ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು ಎಂದರು. ಆಗ ಊರಲ್ಲಿದ್ದದ್ದು ಎರಡು ಬಾಡಿಗೆ ಕಾರು. ಮದುವೆಯ ತಿಂಗಳು, ಎರಡೂ ದಿಬ್ಬಣಕ್ಕೆ ಹೋಗಿದ್ದವು. ತಂಗಿಯನ್ನು ಮನೆಯಲ್ಲಿ ಬಿಟ್ಟು, ಅಮ್ಮನನ್ನು ಹೆಗಲಿಗೆ ಆನಿಸಿಕೊಂಡು ಸ್ಟ್ಯಾಂಡಿಗೆ ಬರುವ ಹೊತ್ತಿಗೆ ಬಸ್ಸು ಹೊರಡಲು ಗುರುಗುಡುತ್ತಿತ್ತು. ಒಳಗೆ ಕಾಲಿಡಲೂ ಜಾಗವಿರಲಿಲ್ಲ. ಸಾಗರದಿಂದಲೇ ಮದುವೆಯವರು ತುಂಬಿಕೊಂಡು ಬಂದಿದ್ದರು.

"ನಿಂತು ಬರೋದಾದ್ರೆ ಹತ್ತಿ ಮೇಡಂ," ಎಂದ ಕಂಡಕ್ಟರ್. ಅವನ ಮುಖದಲ್ಲೂ ಪಾಪ ಗಾಬರಿಯಿತ್ತು. "ಎಲ್ಲಾ ದೂರದ ಟಿಕೇಟು, ಎಬ್ಬಿಸೋಕಾಗಲ್ಲ."

ಅಮ್ಮ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ನಾನು ಮೆಟ್ಟಿಲ ಬುಡದಲ್ಲಿ ಅವಳನ್ನು ತಬ್ಬಿಕೊಂಡು ನಿಂತೇ ಇದ್ದೆ. ಮುಂದಿನ ಬಸ್ಸು ಹನ್ನೊಂದಕ್ಕೆ ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು. ನಾಲ್ಕನೇ ಸಾಲಿನ ಕಿಟಕಿಯಿಂದ ಒಂದು ತಲೆ ಹೊರಗೆ ಬಂತು. ಆಮೇಲೆ ಒಳಗಿಂದ, "ದಾರಿ ಬಿಡಿ, ದಾರಿ ಬಿಡಿ," ಎಂದು ಆ ಕೂಗು ಕೇಳಿತು. ಎಷ್ಟೋ ತಿಂಗಳಿಂದ ನಾನು ಕೇಳದೆ ಬಿಟ್ಟ ಕೂಗು ಅದು. ಏಜೆಂಟರು ಇಳಿದು ಬಂದು ಅಮ್ಮನ ಇನ್ನೊಂದು ತೋಳು ಹಿಡಿದರು.

ಟವೆಲ್ಲು ಹಾಸಿದ ಸೀಟಿನಲ್ಲಿ ಅಮ್ಮನನ್ನು ಕೂರಿಸಿದರು. ಆ ಟವೆಲ್ಲನ್ನೇ ಮಡಚಿ, ಕಿಟಕಿಯ ಸರಳು ತಾಗದ ಹಾಗೆ ಅವಳ ತಲೆಗೆ ಕೊಟ್ಟರು. ತಾವು ಕೂತಿದ್ದ ಜಾಗ ತೋರಿಸಿ, "ನೀವು ಇಲ್ಲಿ ಕೂತ್ಕಳಿ," ಎಂದರು.

ನಾನು ಕೂರಲಿಲ್ಲ. "ಏಜೆಂಟ್ರೇ, ಆ ಅರ್ಜಿ..." ಎಂದೆ.

"ಭಾಳ ಚಂದ ಟೈಪ್ ಮಾಡಿದ್ರಂತೆ," ಎಂದರು. "ಒಂದೂ ತಪ್ಪಿರ್ಲಿಲ್ಲ ಅಂತ ನಮ್ಮ ಮಾಲೀಕ್ರು ಹೇಳಿದ್ರು. ಕೂತ್ಕಳಿ ತಂಗಿ, ಅಮ್ಮನ್ನ ಹಿಡ್ಕಳಿ."

ಅದು ಕೊಂಕೋ ಮೆಚ್ಚುಗೆಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ವರ್ಷ ಕೊರೆಯುತ್ತಿರಲಿಲ್ಲ. ಕೈಮರದವರೆಗೆ ಅವರು ನಮ್ಮ ಪಕ್ಕದಲ್ಲೇ ನಿಂತು ಬಂದರು. ಅಲ್ಲಿ ಇಳಿದು, ಬರಿಯ ಹೆಗಲಲ್ಲಿ ಊರ ಕಡೆ ನಡೆದರು. ಕಿಟಕಿಯಿಂದ ಹಿಂದಕ್ಕೆ ನೋಡಿದೆ, ಬಹಳ ದೂರದವರೆಗೆ ಕಂಡರು.

ಅಮ್ಮ ಉಳಿದಳು. ಆಮೇಲೆ ಹನ್ನೊಂದು ವರ್ಷ ಬದುಕಿದಳು, ತಂಗಿಯ ಮದುವೆ ನೋಡಿದಳು, ಮೊಮ್ಮಗುವನ್ನು ಎಣ್ಣೆ ಹಚ್ಚಿ ಮೀಯಿಸಿದಳು. ಇನ್ನು ನಾಲ್ಕು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಏಳಕ್ಕೂ ಹನ್ನೊಂದಕ್ಕೂ ನಡುವೆ ನಾಲ್ಕು ಗಂಟೆ.

ಟವೆಲ್ಲನ್ನು ಒಗೆದು, ಇಸ್ತ್ರಿ ಮಾಡಿ, ಹತ್ತು ದಿನದ ಮೇಲೆ ಕಾಗದದಲ್ಲಿ ಸುತ್ತಿ ಕೊಡಲು ಹೋದೆ. ಜತೆಗೊಂದು ಹೊಸ ಪಂಚೆಯೂ ಇತ್ತು. ಪಂಚೆಯನ್ನು ಬೇಡವೆಂದರು. ಟವೆಲ್ಲನ್ನು ತೆಗೆದುಕೊಂಡು, ಇಸ್ತ್ರಿಯ ಗೆರೆ ನೋಡಿ, "ಇದೆಂತ ಮಾರಾಯ್ತಿ, ಮದುವಣಿಗನ ಮಾಡಿದೀರಿ ಇದನ್ನ," ಎಂದು ನಕ್ಕರು. ಅಲ್ಲೇ ಬಸ್ಸು ಹತ್ತಿ ಪಕ್ಕದ ಸೀಟಿಗೆ ಹಾಸಿದರು.

ಮಾರನೇ ದಿನದಿಂದ ನಾನು ಹತ್ತು ನಿಮಿಷ ಮೊದಲೇ ಸ್ಟ್ಯಾಂಡಿಗೆ ಹೋಗಿ ಆ ಪಕ್ಕದ ಸೀಟಿನಲ್ಲಿ ಕೂರಲು ಶುರುಮಾಡಿದೆ. ಹೇಗೂ ತೀರ್ಥಹಳ್ಳಿಗೆ ಟಿಕೆಟ್ ತೆಗೆಯುವವಳು, ಕೈಮರದಲ್ಲಿ ಯಾರಾದರೂ ಇದ್ದರೆ ಎದ್ದು ನಿಂತರಾಯಿತು. ಅವರಿಗೆ ಒಂದು ಟಿಕೆಟಿನ ಖರ್ಚು ಉಳಿಯಿತು. "ಈಗ ಇಬ್ರು ಏಜೆಂಟ್ರಾದ್ರಲ್ಲ," ಎಂದು ಕಂಡಕ್ಟರ್ ತಮಾಷೆ ಮಾಡುತ್ತಿದ್ದ. ಆ ಎರಡು ಮೂರು ವರ್ಷಗಳಲ್ಲಿ ಎಷ್ಟು ಸಲ ಎದ್ದೆನೋ ನೆನಪಿಲ್ಲ. ಒಬ್ಬ ಹುಡುಗನ ಕಾಲಿಗೆ ಹಾವು ಕಚ್ಚಿದ್ದು, ಒಬ್ಬಳು ಗರ್ಭಿಣಿ ದಾರಿಯುದ್ದಕ್ಕೂ ನನ್ನ ಕೈ ಬಿಡದೆ ಹಿಚುಕಿದ್ದು ನೆನಪಿದೆ.

ಆಮೇಲೆ ನನಗೆ ಸಾಗರಕ್ಕೆ ವರ್ಗವಾಯಿತು. ಅಮ್ಮನನ್ನೂ ಕರೆದುಕೊಂಡು ಹೋದೆ. ಹೊರಡುವ ದಿನ ಏಜೆಂಟರಿಗೆ ಹೇಳಿ ಬಂದೆ. ನನ್ನ ಜಾಗದಲ್ಲಿ ಇನ್ಯಾರನ್ನಾದರೂ ಗೊತ್ತುಮಾಡಬೇಕಿತ್ತು ಎಂದು ನನಗೆ ಹೊಳೆಯಲೇ ಇಲ್ಲ. ಒಂದೂವರೆ ವರ್ಷದ ಮೇಲೆ ಸಾಗರದ ಸ್ಟ್ಯಾಂಡಿನಲ್ಲಿ ಅದೇ ಕಂಡಕ್ಟರ್ ಸಿಕ್ಕಿದ. ಏಜೆಂಟರು ತೀರಿಹೋಗಿ ಮೂರು ತಿಂಗಳಾಯಿತು ಎಂದ. ಹಾಸಿಗೆ ಹಿಡಿದ ವಾರದವರೆಗೂ ಕೈಮರಕ್ಕೆ ಬರುತ್ತಿದ್ದರಂತೆ. "ಕೊನೆಕೊನೆಗೆ ನಾನು ಟಿಕೇಟು ಹರೀತಿರ್ಲಿಲ್ಲ ಮೇಡಂ," ಎಂದ ಅವನು ನೆಲ ನೋಡುತ್ತ. "ಈಗ ಆ ಸೀಟು ಖಾಲಿ ಇಡೋಕೆ ಯಾರೂ ಇಲ್ಲ. ನಾನು ಇಡೋಣ ಅಂದ್ರೆ... ಜನ ಬಿಡಲ್ಲ." ನಾನು ಆ ದಿನ ಕಚೇರಿಗೆ ಹೋಗಲಿಲ್ಲ, ಹೊಸನಗರಕ್ಕೂ ಹೋಗಲಿಲ್ಲ. ಅವರ ಮನೆಯವರನ್ನು ನೋಡಿ ಬರಬೇಕಿತ್ತು. ಇವತ್ತು ನಾಳೆ ಎನ್ನುತ್ತ ಹೋಗಲೇ ಇಲ್ಲ.

ಇದೆಲ್ಲ ವಿಮಾನ ನಿಲ್ದಾಣದ ಹೊರಗೆ, ಆ ಹಿರಿಯರ ಪಕ್ಕದ ಬೆಂಚಿನ ಮೇಲೆ ಕೂತು ನೆನೆಯುತ್ತಿದ್ದಾಗ, ಟಿಕೆಟ್ ಕೊಡುವ ಕಿಂಡಿಯ ಹತ್ತಿರ ಒಬ್ಬ ಹುಡುಗ ಬಂದು ನಿಂತ. ಇಪ್ಪತ್ತೈದು ಇರಬಹುದು. ಅಂಗಿಯ ಗುಂಡಿ ಮೇಲುಕೆಳಗಾಗಿ ಹಾಕಿಕೊಂಡಿದ್ದ. ತನ್ನ ತಮ್ಮ ಹೈದರಾಬಾದಿನ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದಾನೆ, ರಾತ್ರಿ ಆಕ್ಸಿಡೆಂಟ್ ಆಗಿದೆ, ಈಗಿಂದೀಗ ಹೋಗಬೇಕು ಎಂದು ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಕಿಂಡಿಯ ಹುಡುಗಿ ಮೆತ್ತಗೆ, ಗೌರವದಿಂದಲೇ, ಒಂದು ಸೀಟು ಇದೆ ಎಂದು ದರ ಹೇಳಿದಳು. ಅವನು ಇನ್ನೊಮ್ಮೆ ಕೇಳಿದ. ಅವಳು ಇನ್ನೊಮ್ಮೆ ಹೇಳಿದಳು. ಅವನು ಫೋನು ತೆಗೆದು ಯಾರಿಗೋ ಮಾಡಿದ, ಇನ್ನೊಬ್ಬರಿಗೆ ಮಾಡಿದ. ಆಮೇಲೆ ಫೋನು ಜೇಬಿಗೆ ಹಾಕಿ ಒಂದು ನಿಮಿಷ ಹಾಗೇ ನಿಂತ.

ನಾನು ಕೈಚೀಲದ ಜಿಪ್ಪು ತೆಗೆದೆ. ನನ್ನ ಬ್ಯಾಂಕಿನ ಕಾರ್ಡು ಅದರಲ್ಲಿತ್ತು. ತಂಗಿಯ ಆಸ್ಪತ್ರೆಗೆ ಎಷ್ಟು ಬೇಕಾಗುತ್ತದೋ, ಗುರುತಿಲ್ಲದ ಹುಡುಗ, ಏನೆಂದುಕೊಳ್ಳುತ್ತಾನೋ, ಮೋಸವಿದ್ದರೆ... ಇಷ್ಟು ಯೋಚನೆ ಮಾಡಲು ಎಷ್ಟು ಹೊತ್ತು ಬೇಕು? ನಾನು ಮಂಡಿ ಹಿಡಿದು ಏಳುವಷ್ಟರಲ್ಲಿ ಅವನು ಆಟೋ ಹತ್ತಿದ್ದ. ಬಸ್ ಸ್ಟ್ಯಾಂಡು ಎಂದು ಹೇಳಿದ್ದು ಕೇಳಿಸಿತು. ನಾನು ಕೈ ಎತ್ತಿ ಕೂಗಿದೆ. ನನ್ನ ಕೂಗು ಆಟೋದವರೆಗೂ ಮುಟ್ಟಲಿಲ್ಲ. ಏಜೆಂಟರ ದನಿ ನನಗೆಲ್ಲಿಂದ ಬರಬೇಕು?

ವಿಮಾನದಲ್ಲಿ ನನಗೆ ಕಿಟಕಿಯ ಪಕ್ಕದ ಜಾಗ. ಮಗ್ಗುಲ ಸೀಟಿಗೆ ಯಾರೂ ಬರಲಿಲ್ಲ. ಬಾಗಿಲು ಹಾಕುವವರೆಗೂ ದಾರಿ ನೋಡಿದೆ. ಆಮೇಲೆ ನನ್ನ ಹೆಗಲ ಶಾಲು ತೆಗೆದು ಆ ಸೀಟಿನ ಮೇಲೆ ಉದ್ದಕ್ಕೆ ಹಾಸಿದೆ. ಯಾಕೆ ಹಾಸಿದೆನೋ, ಕೈಗೆ ತಾನೇ ನೆನಪಾಯಿತು. ಗಗನಸಖಿ ಬಂದು, "ಇದು ನಿಮ್ಮದಾ ಮೇಡಂ? ತೆಗೆದುಕೊಳ್ಳಿ, ಇಲ್ಲಿ ಯಾರೂ ಇಲ್ಲ," ಎಂದಳು.

ಅವರು ಬರಲಿಲ್ಲ ಕಣಮ್ಮ ಎನ್ನಬೇಕೆಂದುಕೊಂಡೆ. ಆದರೆ ಆ ಹುಡುಗ ಕಿಂಡಿಯವರೆಗೆ ಬಂದಿದ್ದನಲ್ಲ. ಶಾಲು ಎತ್ತಿ ಮಡಿಲಲ್ಲಿಟ್ಟುಕೊಂಡೆ. ಸೀಟು ಹೈದರಾಬಾದಿನವರೆಗೂ ಖಾಲಿಯೇ ಹೋಯಿತು.